ಕ್ಯಾಥೊಲಿಕ್ ಶಾಲೆಯಲ್ಲಿ ಅಬೊರಿಜಿನಲ್ ಮಕ್ಕಳ ಜವಾಬ್ದಾರಿ: ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ಪಶ್ಚಿಮ ಸಿಡ್ನಿಯ ಒಂದು ಕ್ಯಾಥೊಲಿಕ್ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಈ ಟರ್ಮ್‌ನಿಂದ ಆಸ್ಟ್ರೇಲಿಯಾದ ಮೂಲನಿವಾಸಿಗಳಾದ ಅಬೊರಿಜಿನಲ್ ಮತ್ತು ಟಾರೆಸ್ ಜಲಸಂಧಿ ದ್ವೀಪಗಳ 14 ಮಕ್ಕಳ ಬೆಂಬಲದ ಕೆಲಸ ನನ್ನ ಪಾಲಿಗೆ ಬಂದಿದೆ. ನಾನು ಧಾರವಾಡದ ಕಡೆಯವಳು, ಕ್ಯಾಥೊಲಿಕ್ ಅಲ್ಲ. ಮನೆಯವರ ಜೊತೆ ಮಾತು, ಕಲಿಕೆಯ ಯೋಜನೆ, ನೈಡಾಕ್ ವಾರದ (ಈ ಜನರ ಸಂಸ್ಕೃತಿಯನ್ನು ಗೌರವಿಸುವ ವಾರ) ಬಲಿಪೂಜೆ, ಅಂದರೆ ಚರ್ಚಿನ ಮಾಸ್, ಮೂರನ್ನೂ ನೋಡಿಕೊಳ್ಳಬೇಕು. ಬಲ್ಲವರು ತಿಳಿಸಿ.

ಪ್ರಾಥಮಿಕ ಶಾಲಾ ಶಿಕ್ಷಕಿ:
ಮೊದಲು ಫೋನ್, ಆಮೇಲೆ ಫಾರ್ಮು. ದಿನಕ್ಕೆ ಎರಡು ಮನೆಗೆ ಕರೆ ಮಾಡಿದರೆ ಒಂದೂವರೆ ವಾರದಲ್ಲಿ 14 ಮನೆಯೂ ಮುಗಿಯುತ್ತವೆ. ಮಗು ಮಾಡಿದ ಒಂದು ಒಳ್ಳೆಯ ಕೆಲಸ ಹೇಳಿ, ಎರಡೇ ನಿಮಿಷದಲ್ಲಿ ಮುಗಿಸಿ. ಹಾಜರಿ, ಫೀಸು, ಸಮವಸ್ತ್ರದ ಮಾತು ಆ ಕರೆಯಲ್ಲಿ ಬೇಡ. "ವೆಲ್ಫೇರ್" ಅನ್ನುವ ಪದವಂತೂ ಬೇಡವೇ ಬೇಡ. 20ನೇ ಶತಮಾನದ ಬಹುಪಾಲು ಕಾಲ ಸರ್ಕಾರಗಳು ಆ ಹೆಸರಿನಲ್ಲೂ ಈ ಸಮುದಾಯಗಳ ಮಕ್ಕಳನ್ನು ಮನೆಗಳಿಂದ ಕಿತ್ತುಕೊಂಡು ಹೋದವು. ಅವರನ್ನು ಇರಿಸಿದ ಮಿಷನ್‌ಗಳು, ಆಶ್ರಯಗೃಹಗಳಲ್ಲಿ ಚರ್ಚುಗಳು ನಡೆಸುತ್ತಿದ್ದವೂ ಇದ್ದವು. ಅದರ ವಿಚಾರಣಾ ವರದಿ ಸಂಸತ್ತಿನ ಮುಂದೆ ಬಂದದ್ದು 1997ರ ಮೇ 26ಕ್ಕೆ. ಹಾಗೆ ಹೋದ ಮಕ್ಕಳಲ್ಲಿ ಕೆಲವರು ಇವತ್ತಿನ ಅಜ್ಜಿಯರು. ಚರ್ಚಿನ ಶಾಲೆಯಿಂದ ಫೋನ್ ಬಂತೆಂದರೆ ಆ ಮನೆಯಲ್ಲಿ ಎದೆ ಝಲ್ಲೆನ್ನುವುದಕ್ಕೆ ಕಾರಣವಿದೆ.

ಫೋನ್ ಎತ್ತಿದವರು ಅಜ್ಜಿಯೋ ದೊಡ್ಡಮ್ಮನೋ ಆಗಿದ್ದರೆ "ಅಮ್ಮನಿಗೆ ಕೊಡಿ" ಎನ್ನಬೇಡಿ. ಮಗುವನ್ನು ಸಾಕುತ್ತಿರುವವರು ಅವರೇ ಇರಬಹುದು. ಕೂಡುಕುಟುಂಬ ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಶಾಲಾ ಕಚೇರಿಯ ಸಿಬ್ಬಂದಿ:
ದಾಖಲಾತಿ ಫಾರ್ಮಿನಲ್ಲಿ "ಮಗು ಅಬೊರಿಜಿನಲ್ ಅಥವಾ ಟಾರೆಸ್ ಜಲಸಂಧಿ ಮೂಲದ್ದೇ?" ಅಂತ ಕೇಳುತ್ತೇವೆ. ಮನೆಯವರು ಹೌದು ಅಂದರೆ ಹೌದು, ಪುರಾವೆ ಕೇಳಬೇಡಿ. ಈ ಉತ್ತರದ ಮೇಲೆ ಕೇಂದ್ರ ಸರ್ಕಾರದ ಶಾಲಾ ಅನುದಾನದಲ್ಲಿ ಹೆಚ್ಚುವರಿ ಪಾಲು ಬರುತ್ತದೆ. ಆದರೆ ಆ ದುಡ್ಡು ಮಗುವಿನ ಹೆಸರಿಗೆ ನೇರ ಬರಲ್ಲ, ಕ್ಯಾಥೊಲಿಕ್ ಶಾಲಾ ವ್ಯವಸ್ಥೆಗೆ ಬಂದು ಅಲ್ಲಿಂದ ಹಂಚಿಕೆ ಆಗುತ್ತದೆ. ನಿಮ್ಮ ಶಾಲೆಗೆ ಎಷ್ಟು, ಯಾವ ಬಾಬ್ತಿಗೆ ಅಂತ ಪ್ರಾಂಶುಪಾಲರನ್ನು ಬರವಣಿಗೆಯಲ್ಲೇ ಕೇಳಿ.

ನಮ್ಮವರು ಹೆಚ್ಚಾಗಿ ಎಡವುವುದು ಇಲ್ಲಿ: ಮಗು ಬೆಳ್ಳಗಿದೆಯಲ್ಲ, ಎಷ್ಟು ಪರ್ಸೆಂಟ್ ಅಬೊರಿಜಿನಲ್ ಅಂತ ಕೇಳಿಬಿಡುತ್ತಾರೆ. ದಯವಿಟ್ಟು ಬೇಡ. ರಕ್ತದ ಪಾಲು, ಮೈಬಣ್ಣ ಲೆಕ್ಕ ಹಾಕಿಯೇ ಹಿಂದೆ ಮಕ್ಕಳನ್ನು ಎತ್ತಿಕೊಂಡು ಹೋದದ್ದು. ನಮ್ಮ ಜಾತಿ ಪ್ರಮಾಣಪತ್ರ, ಮೀಸಲಾತಿಯ ಲೆಕ್ಕಾಚಾರವನ್ನೂ ಇಲ್ಲಿಗೆ ತರಬೇಡಿ.

ಕಲಿಕಾ ಬೆಂಬಲ ಶಿಕ್ಷಕ:
ನ್ಯೂ ಸೌತ್ ವೇಲ್ಸ್‌ನಲ್ಲಿ ಇಂಥ ಪ್ರತಿ ಮಗುವಿನ ವೈಯಕ್ತಿಕ ಕಲಿಕೆಯ ಯೋಜನೆಗೆ ಪಿಎಲ್‌ಪಿ ಅನ್ನುತ್ತಾರೆ. ಅದು ಹಾಳಾಗುವುದು ಒಂದೇ ರೀತಿಯಲ್ಲಿ: ಶಿಕ್ಷಕರು ಮೊದಲೇ ತುಂಬಿಟ್ಟು ಮನೆಯವರಿಂದ ಸಹಿ ಹಾಕಿಸಿಕೊಳ್ಳುವುದು. ಖಾಲಿ ಹಾಳೆ ಇಟ್ಟುಕೊಂಡು ಮಗು, ಮನೆಯವರು, ನೀವು ಅರ್ಧ ಗಂಟೆ ಕೂತುಕೊಳ್ಳಿ. ಪ್ರಾಂಶುಪಾಲರ ಕೋಣೆ ಬೇಡ, ಮರದ ಕೆಳಗಿನ ಬೆಂಚು ಸಾಕು, ಚಹಾ ಇರಲಿ. ಮಗುವಿಗೆ ಏನು ಇಷ್ಟ, ಯಾರ ಜೊತೆ ಧೈರ್ಯ ಅನ್ನಿಸುತ್ತೆ ಅಂತ ಮೊದಲು ಕೇಳಿ. ಗುರಿ ಎರಡು, ಹೆಚ್ಚೆಂದರೆ ಮೂರು. "ಓದು ಸುಧಾರಿಸಬೇಕು" ಅಂತ ಬರೆದರೆ ಯಾರಿಗೂ ಉಪಯೋಗವಿಲ್ಲ. "ವಾರಕ್ಕೆ ನಾಲ್ಕು ದಿನ, ಹತ್ತು ನಿಮಿಷ, ಇಂಥವರ ಜೊತೆ ಓದು" ಅಂತ ಬರೆಯಿರಿ. ಪ್ರತಿ ಟರ್ಮ್‌ನ ಎಂಟನೇ ವಾರ ತಿರುಗಿ ನೋಡಿ; ಹತ್ತನೇ ವಾರಕ್ಕೆ ಇಟ್ಟರೆ ರಜೆಯ ಗಡಿಬಿಡಿಯಲ್ಲಿ ಬಿಟ್ಟುಹೋಗುತ್ತದೆ.

ಕಣ್ಣಿಗೆ ಕಣ್ಣು ಕೊಟ್ಟು ನೋಡದ ಮಗುವನ್ನು ಉದ್ಧಟ ಅಂದುಕೊಳ್ಳಬೇಡಿ. ಹಿರಿಯರ ಮುಂದೆ ತಲೆ ತಗ್ಗಿಸುವುದು ನಮ್ಮಲ್ಲೂ ಮರ್ಯಾದೆಯೇ ಅಲ್ಲವೇ.

ಶ್ರವಣ ತಜ್ಞೆ:
ಒಂದು ಮಾತು ಸೇರಿಸುವೆ. ಈ ಸಮುದಾಯಗಳ ಮಕ್ಕಳಲ್ಲಿ ನಡುಕಿವಿಯ ಸೋಂಕು ಬಹಳ. ಕಿವಿಯೊಳಗೆ ದ್ರವ ನಿಂತಾಗ ಒಂದು ವಾರ ಕೇಳಿಸುತ್ತದೆ, ಇನ್ನೊಂದು ವಾರ ಮಂಕು. ತರಗತಿಯಲ್ಲಿ ಅದು "ಮಾತು ಕೇಳಲ್ಲ" ಅನ್ನುವ ದೂರಾಗುತ್ತದೆ. ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್‌ನ 715 ಸಂಖ್ಯೆಯ ಆರೋಗ್ಯ ತಪಾಸಣೆ ಇವರಿಗಾಗಿಯೇ ಇದೆ, ವರ್ಷಕ್ಕೊಮ್ಮೆ ಮಾಡಿಸಬಹುದು. ಅದರಲ್ಲಿ ಕಿವಿಯನ್ನೂ ನೋಡುತ್ತಾರೆ. ಅಲ್ಲಿಯವರೆಗೆ ಮಗುವನ್ನು ಮುಂದೆ ಕೂರಿಸಿ, ನಿಮ್ಮ ಮುಖ ಅದಕ್ಕೆ ಕಾಣುವಂತೆ ಮಾತಾಡಿ. ಬೋರ್ಡಿನ ಕಡೆ ತಿರುಗಿ ಸೂಚನೆ ಕೊಡಬೇಡಿ.

ಪ್ಯಾರಿಷ್ ಪೂಜಾವಿಧಿ ತಂಡದವರು, ಮೂಲ ಮಂಗಳೂರು:
ನೀವು ಕ್ಯಾಥೊಲಿಕ್ ಅಲ್ಲದಿರುವುದು ತೊಡಕೇನಲ್ಲ ಮೇಡಂ, ಆ ಮಕ್ಕಳ ಮನೆಗಳಲ್ಲೂ ಎಲ್ಲರೂ ಕ್ಯಾಥೊಲಿಕ್ ಅಲ್ಲ. ಪೂಜೆಯ ವಿಚಾರ ಫಾದರ್ ಜೊತೆ, ನೆಲದ ವಿಚಾರ ಅಬೊರಿಜಿನಲ್ ಹಿರಿಯರ ಜೊತೆ ಅಂತ ಇಟ್ಟುಕೊಳ್ಳಿ.

ನೈಡಾಕ್ ವಾರ ಜುಲೈನ ಮೊದಲ ಭಾನುವಾರ ಶುರು. ಆ ಭಾನುವಾರವೇ ಚರ್ಚಿನಲ್ಲಿ ಅಬೊರಿಜಿನಲ್ ಮತ್ತು ಟಾರೆಸ್ ಜಲಸಂಧಿ ದ್ವೀಪವಾಸಿಗಳ ಭಾನುವಾರ. ನಿಮ್ಮ ರಾಜ್ಯದಲ್ಲಿ ಆಗ ಚಳಿಗಾಲದ ರಜೆ ಇರುವುದರಿಂದ ಶಾಲೆಯ ಪೂಜೆಯನ್ನು ಎರಡನೇ ಟರ್ಮ್‌ನ ಕೊನೆಗೋ ಮೂರನೆಯದರ ಆರಂಭಕ್ಕೋ ಇಡಿ. ಹಿರಿಯರಿಗೆ ಆ ದಿನಗಳಲ್ಲಿ ಕರೆಗಳು ಮುತ್ತಿಕೊಳ್ಳುತ್ತವೆ, ಹಾಗಾಗಿ ಏಪ್ರಿಲ್ ಕೊನೆಯಲ್ಲೇ ಡೀರಬ್ಬಿನ್ ಸ್ಥಳೀಯ ಅಬೊರಿಜಿನಲ್ ಭೂ ಮಂಡಳಿಯ ಮೂಲಕ ಕೇಳಿ. "ನಮ್ಮ ನೆಲಕ್ಕೆ ಸ್ವಾಗತ" ಅಂತ ಹೇಳುವ ಹಕ್ಕು ಆ ನೆಲದ ಹಿರಿಯರಿಗೆ ಮಾತ್ರ, ನಿಮ್ಮಲ್ಲಿ ಧರುಗ್ ಜನರಿಗೆ. ನೆಲದ ಒಡೆಯರನ್ನು ನೆನೆಯುವ ಮಾತನ್ನು ಯಾರೂ ಹೇಳಬಹುದು, ಪ್ರವೇಶ ಗೀತೆಗೆ ಮೊದಲು. ಹಿರಿಯರಿಗೆ ಸಂಭಾವನೆ, ಗಾಡಿ, ಮುಂದಿನ ಸಾಲಿನ ಕುರ್ಚಿ ಮೊದಲೇ ಗೊತ್ತು ಮಾಡಿ. "ಸೇವೆ ಅಂತ ಬನ್ನಿ" ಎನ್ನುವುದು ಸಲ್ಲ.

ಎಲೆಯ ಹೊಗೆಯಿಂದ ಶುದ್ಧಿ ಮಾಡುವ ಅವರ ವಿಧಿಯನ್ನು ಹೊರಗೇ ಇಡಿ, ಒಳಗೆ ಹಸಿ ಎಲೆ ಸುಟ್ಟರೆ ಬೆಂಕಿಯ ಅಲಾರಂ ಕೂಗುತ್ತದೆ. ಆಸ್ತಮಾ ಇರುವ ಮಕ್ಕಳನ್ನು ಗಾಳಿ ಬರುವ ಕಡೆ ನಿಲ್ಲಿಸಿ. ಕೂಲಮನ್ ಎಂಬ ಮರದ ಬೋಗುಣಿಯಲ್ಲಿ ಪವಿತ್ರ ಜಲ ತರಬಹುದು. ರೊಟ್ಟಿ ಮತ್ತು ದ್ರಾಕ್ಷಾರಸಕ್ಕೆ ಪೂಜಾಪಾತ್ರೆಗಳೇ ಬೇಕು. ಪ್ರಬೋಧನೆ (ಫಾದರ್ ಕೊಡುವ ಉಪದೇಶ) ಆದ ಮೇಲೆ ಎರಡು ನಿಮಿಷ ಮೌನ ಇಡಿ. ಡೇಲಿ ನದಿಯ ನೌಯು ಸಮುದಾಯದ ಹಿರಿಯ ಶಿಕ್ಷಕಿ ಮಿರಿಯಂ ರೋಸ್ ಉಂಗುನ್‌ಮರ್ ಬೌಮನ್ ಲೋಕಕ್ಕೆ ಪರಿಚಯಿಸಿದ "ದದಿರ್ರಿ", ಅಂದರೆ ಒಳಗಿನಿಂದ ಆಲಿಸುವುದು, ಮಕ್ಕಳಿಗೆ ಚೆನ್ನಾಗಿ ಹಿಡಿಸುತ್ತದೆ. ಪ್ರಬೋಧನೆಗೆ ಏನಾದರೂ ಬೇಕೆಂದು ಫಾದರ್ ಕೇಳಿದರೆ, ಪೋಪ್ ಎರಡನೇ ಜಾನ್ ಪಾಲ್ 1986ರ ನವೆಂಬರ್ 29ರಂದು ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಆಡಿದ ಮಾತು ಕೊಡಿ: ಈ ಜನರ ಕೊಡುಗೆಯನ್ನು ಸಂತೋಷದಿಂದ ಸ್ವೀಕರಿಸುವ ತನಕ ಆಸ್ಟ್ರೇಲಿಯಾದ ಧರ್ಮಸಭೆ ಪೂರ್ಣವಾಗದು ಎಂದಿದ್ದರು.

ಮಕ್ಕಳನ್ನು ಕುಣಿಸಲು, ಓದಿಸಲು ಎಲ್ಲರೆದುರು ಹೆಸರು ಕೂಗಬೇಡಿ. ಒಬ್ಬೊಬ್ಬರನ್ನೇ ಕೇಳಿ, ಬೇಡ ಅಂದರೆ ಬಿಟ್ಟುಬಿಡಿ. ಇಡೀ ಶಾಲೆಯಿಂದ ಚುಕ್ಕಿ ಚಿತ್ರ ಬರೆಸುವ ಚಟವೂ ಬಿಡಬೇಕು. ಆ ಶೈಲಿ ಪಶ್ಚಿಮ ಮರುಭೂಮಿಯ ಜನರದ್ದು, ಅದರ ಹಿಂದೆ ಅವರವರ ಪವಿತ್ರ ಕಥೆಗಳಿವೆ.

ಪ್ರಶ್ನೆ ಕೇಳಿದವರು:
ತುಂಬಾ ಧನ್ಯವಾದ. ಒಂದು ಸಂದೇಹ: ಅಜ್ಜಿಯ ತಮ್ಮ ತೀರಿಹೋದರೆಂದು ಇಬ್ಬರು ಮಕ್ಕಳು ಒಂದು ವಾರದಿಂದ ಬಂದಿಲ್ಲ. ಏನು ಮಾಡಲಿ?

ಪ್ರಾಥಮಿಕ ಶಾಲಾ ಶಿಕ್ಷಕಿ:
ಅದನ್ನು "ಸಾರಿ ಬಿಸಿನೆಸ್" ಅನ್ನುತ್ತಾರೆ, ಅಂದರೆ ಸಾವಿನ ಶೋಕಾಚರಣೆ. ನಮ್ಮ ಸೂತಕದ ಹಾಗೆ ಹನ್ನೊಂದು, ಹದಿಮೂರು ದಿನ ಅಂತ ಲೆಕ್ಕವಿಲ್ಲ, ದೂರದ ಸಂಬಂಧವೂ ಅಲ್ಲಿ ಹತ್ತಿರದ್ದೇ. ಹಾಜರಿ ಪುಸ್ತಕದಲ್ಲಿ ಕಾರಣ ತಿಳಿದ ಗೈರು ಅಂತಲೇ ದಾಖಲಾಗುವಂತೆ ಇವತ್ತೇ ಕಚೇರಿಗೆ ಹೇಳಿ. ಇಲ್ಲದಿದ್ದರೆ ತಾನೇತಾನಾಗಿ ಎಚ್ಚರಿಕೆಯ ಮೆಸೇಜ್ ಆ ಮನೆಗೆ ಹೋಗುತ್ತದೆ. ಮನೆಗೆ "ನಿಮ್ಮ ಜೊತೆ ಇದ್ದೇವೆ" ಅಂತ ಒಂದು ಸಾಲು ಸಾಕು, ಯಾವಾಗ ಬರುತ್ತಾರೆ ಅಂತ ಕೇಳಬೇಡಿ. ನವೆಂಬರಿನಲ್ಲಿ ಶಾಲೆ ಮೃತರ ಹೆಸರುಗಳನ್ನು ಓದಿ ಪ್ರಾರ್ಥಿಸುತ್ತದಲ್ಲ, ಆಗ ಈ ಹೆಸರು ಓದುವ ಮೊದಲು, ಫೋಟೊ ಇಡುವ ಮೊದಲು ಅಜ್ಜಿಯನ್ನು ಕೇಳಿ. ತೀರಿಕೊಂಡವರ ಹೆಸರನ್ನು ಕೆಲವು ಮನೆಗಳಲ್ಲಿ ಬಹುಕಾಲ ಎತ್ತುವುದಿಲ್ಲ, ಕೆಲವರು ಓದಿ ಅನ್ನುತ್ತಾರೆ.