ವಾಲ್ಯೂಮ್‌ಗೆ ‘ವಹಿವಾಟು’ ಅಂದರೆ ಸಾಕೇ?

ಎಲ್ಲರಿಗೂ ನಮಸ್ಕಾರ. ಉಡುಪಿಯಲ್ಲಿ ನಿವೃತ್ತ ಬ್ಯಾಂಕ್ ನೌಕರರ ಒಂದು ಸಣ್ಣ ಗುಂಪಿಗಾಗಿ ಷೇರು ಚಾರ್ಟ್ ಓದುವುದು ಹೇಗೆ ಅಂತ ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಿದ್ದೇನೆ. ಬೇಗ ಬೆಳೆಯುತ್ತಿರುವ ಕಂಪನಿಯ ಷೇರನ್ನು ಯಾವಾಗ ಕೊಳ್ಳಬೇಕು ಎಂಬುದಷ್ಟೇ ವಿಷಯ. (‘ಬೆಳವಣಿಗೆ ಷೇರು’ ಅಂತ ಬರೆಯಲು ಮನಸ್ಸು ಬರಲಿಲ್ಲ. ಬೆಳೆಯುವುದು ಕಂಪನಿ ಅಲ್ವಾ?) ಎರಡು ಪದಗಳು ಕಾಡುತ್ತಿವೆ. ಮೊದಲನೆಯದು ವಾಲ್ಯೂಮ್, ಅಂದರೆ ಒಂದು ದಿನದಲ್ಲಿ ಎಷ್ಟು ಷೇರು ಕೈಬದಲಾದವು ಅನ್ನುವ ಲೆಕ್ಕ.

ಇದಕ್ಕೆ ‘ವಹಿವಾಟು’ ಅಂತ ಬರೆಯುವುದು ರೂಢಿ. ಆದರೆ ಈ ಪದ ಈಗಾಗಲೇ ಎಷ್ಟು ಕೆಲಸ ಮಾಡುತ್ತಿದೆ ನೋಡಿ. ‘ಬೆಳಿಗ್ಗೆ 9.15ಕ್ಕೆ ವಹಿವಾಟು ಶುರು’ ಅಂದರೆ ಟ್ರೇಡಿಂಗ್. ‘ಈ ಷೇರಿನಲ್ಲಿ 10 ಕೋಟಿ ವಹಿವಾಟು ನಡೆಯಿತು’ ಅಂದರೆ ರೂಪಾಯಿ ಲೆಕ್ಕ. ‘ಕಂಪನಿಯ ವಾರ್ಷಿಕ ವಹಿವಾಟು’ ಅಂದರೆ ಅದರ ಮಾರಾಟ. ಬ್ಯಾಂಕಿನಲ್ಲಿ ದುಡಿದವರಿಗಂತೂ ಠೇವಣಿ, ಸಾಲ ಎರಡೂ ಕೂಡಿದ ಮೊತ್ತವೇ ವಹಿವಾಟು. ಹೀಗಿರುವಾಗ ‘ವಹಿವಾಟು ಏರಿದಾಗ ಕೊಳ್ಳಿ’ ಅಂತ ಬರೆದರೆ ಓದುಗರು ಕಂಪನಿಯ ತ್ರೈಮಾಸಿಕ ಫಲಿತಾಂಶ ಹಿಡಿದು ಕೂರುತ್ತಾರೆ. ಬೆಳೆಯುವ ಕಂಪನಿಯಲ್ಲಿ ಅದನ್ನೂ ನೋಡಲೇಬೇಕು. ಹಾಗಾಗಿ ತಪ್ಪು ಅರ್ಥವೂ ಸರಿಯಾಗಿಯೇ ಕಾಣುತ್ತದೆ, ಅದೇ ತೊಂದರೆ.

ಚಾರ್ಟಿನ ಕೆಳಗೆ ಸಾಲಾಗಿ ನಿಂತ ಕಂಬಗಳು ತೋರಿಸುವುದು ಕೈಬದಲಾದ ಷೇರುಗಳ ಸಂಖ್ಯೆ, ಹಣವಲ್ಲ. ಬೆಲೆ 250 ರೂಪಾಯಿ ಇದ್ದಾಗ ದಿನಕ್ಕೆ 2 ಲಕ್ಷ ಷೇರು ಕೈಬದಲಾದರೆ 5 ಕೋಟಿ. ಬೆಲೆ 500ಕ್ಕೆ ಏರಿ, ಅದೇ 2 ಲಕ್ಷ ಷೇರು ಕೈಬದಲಾದರೆ 10 ಕೋಟಿ. ರೂಪಾಯಿ ಲೆಕ್ಕದಲ್ಲಿ ದುಪ್ಪಟ್ಟಾಯಿತು, ವಾಲ್ಯೂಮ್ ಇದ್ದಲ್ಲೇ ಇದೆ. ಹೊಸಬರು ಯಾರೂ ಮುಗಿಬಿದ್ದಿಲ್ಲ.

ಈ ವ್ಯತ್ಯಾಸ ಮುಖ್ಯ, ಯಾಕೆಂದರೆ ಯಾವಾಗ ಕೊಳ್ಳಬೇಕು ಅಂತ ನಾನು ಟಿಪ್ಪಣಿಯಲ್ಲಿ ವಿವರಿಸುತ್ತಿರುವ ವಿಧಾನ ನಿಂತಿರುವುದೇ ಅದರ ಮೇಲೆ. ಇದನ್ನು ಜನಪ್ರಿಯ ಮಾಡಿದವರು ಅಮೆರಿಕದ ವಿಲಿಯಂ ಓನೀಲ್. 1984ರಲ್ಲಿ ಹೂಡಿಕೆದಾರರಿಗೆಂದೇ ಒಂದು ದಿನಪತ್ರಿಕೆ ಶುರುಮಾಡಿದವರು. ಅವರು ಹೇಳುವ ಪ್ರಕಾರ ಒಳ್ಳೆಯ ಷೇರು ಏರಿದ ಮೇಲೆ ಇಳಿಯುತ್ತದೆ, ನಿಧಾನಕ್ಕೆ ದುಂಡಗೆ ತಳ ಕಟ್ಟಿ ಮತ್ತೆ ಹಳೆಯ ಎತ್ತರದ ಹತ್ತಿರ ಬರುತ್ತದೆ. ಅಲ್ಲಿ ಕೆಲವು ದಿನ ಸ್ವಲ್ಪ ಜಾರುತ್ತದೆ. ಆಗ ವಾಲ್ಯೂಮ್ ಬತ್ತಬೇಕು. ಬತ್ತಿದರೆ ಮಾರುವವರೆಲ್ಲ ಮಾರಿ ಮುಗಿಸಿದ್ದಾರೆ ಅಂತ ಅರ್ಥ. ಆಮೇಲೆ ಆ ಜಾರಿನ ಮೇಲ್ತುದಿಯನ್ನು ಬೆಲೆ ದಾಟುವ ದಿನ, ವಾಲ್ಯೂಮ್ ಸರಾಸರಿಗಿಂತ ಶೇಕಡಾ 40–50ರಷ್ಟಾದರೂ ಜಾಸ್ತಿ ಇರಬೇಕು. ಸರಾಸರಿ 2 ಲಕ್ಷ ಇದ್ದರೆ ಅಂದು 3 ಲಕ್ಷದ ಆಸುಪಾಸು. ಮ್ಯೂಚುವಲ್ ಫಂಡಿನಂಥ ದೊಡ್ಡ ಖರೀದಿದಾರರು ಸದ್ದಿಲ್ಲದೆ ಕೊಳ್ಳಲು ಆಗುವುದಿಲ್ಲ, ಕಂಬ ಎದ್ದು ನಿಲ್ಲುತ್ತದೆ. ಕಂಬ ಏಳದೆ ಬೆಲೆ ಮಾತ್ರ ದಾಟಿದರೆ ಅನುಮಾನಪಡಬೇಕು. ಕೊಂಡ ಬೆಲೆಗಿಂತ ಶೇಕಡಾ 7–8 ಇಳಿದರೆ ಮಾರಿಬಿಡುವುದು ಅವರ ಇನ್ನೊಂದು ನಿಯಮ. ನನ್ನ ಕೇಳಿದರೆ ಇಡೀ ವಿಧಾನದಲ್ಲಿ ಜಾಸ್ತಿ ಕೆಲಸಕ್ಕೆ ಬರುವುದು ಅದೇ.

ನಮ್ಮ ಎನ್‌ಎಸ್‌ಇ (ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ) ಲೆಕ್ಕದಲ್ಲಿ ಅದೇ ದಿನ ಕೊಂಡು ಅದೇ ದಿನ ಮಾರಿದ ಷೇರುಗಳೂ ವಾಲ್ಯೂಮಿಗೆ ಸೇರುತ್ತವೆ. ಡೆಲಿವರಿಗೆ, ಅಂದರೆ ಕೊಂಡವರ ಖಾತೆಗೆ, ಹೋದದ್ದೆಷ್ಟು ಅಂತ ಬೇರೆಯಾಗಿ ಪ್ರಕಟಿಸುತ್ತಾರೆ. ವಾಲ್ಯೂಮಿಗೆ ‘ಕೈಬದಲು’ ಅನ್ನೋಣ ಅಂತಿದ್ದೆ. ಆದರೆ ಸಂಜೆಗೆ ಮೊದಲಿನ ಕೈಗೇ ವಾಪಸು ಬಂದದ್ದನ್ನೂ ಹಾಗೆ ಅನ್ನಬಹುದೇ? ‘ಪ್ರಮಾಣ’ ತೀರಾ ಸಡಿಲ, ‘ಗಾತ್ರ’ ಕೇಳಿದರೆ ಕಂಪನಿಯ ಗಾತ್ರ ನೆನಪಾಗುತ್ತದೆ. ಸದ್ಯಕ್ಕೆ ‘ವಾಲ್ಯೂಮ್’ ಅಂತಲೇ ಇಟ್ಟು, ಮೊದಲ ಸಲ ಮಾತ್ರ ‘ಅಂದರೆ ದಿನದಲ್ಲಿ ಕೈಬದಲಾದ ಷೇರುಗಳ ಸಂಖ್ಯೆ’ ಅಂತ ಬಿಡಿಸಿ ಬರೆದಿದ್ದೇನೆ.

ಎರಡನೆಯದು ಆ ದುಂಡು ತಳ ಮತ್ತು ಜಾರು ಸೇರಿ ಆಗುವ ಆಕಾರದ ಹೆಸರು. ಹಿಡಿ ಇರುವ ಚಹಾ ಕಪ್ಪಿನಂತೆ ಕಾಣುತ್ತದೆ ಅಂತ ಓನೀಲ್ ಅದಕ್ಕೆ ‘ಕಪ್ ವಿತ್ ಹ್ಯಾಂಡಲ್’ ಅಂತ ಹೆಸರಿಟ್ಟರು. ಯಾರೋ ‘ಹಿಡಿ ಇರುವ ಬಟ್ಟಲು’ ಅಂತ ಸೂಚಿಸಿದರು. ಘಟ್ಟದ ಮೇಲಿನವರಿಗೆ ಸರಿಹೋಗಬಹುದು. ಮಂಗಳೂರು, ಉಡುಪಿ ಕಡೆ ಬಟ್ಟಲು ಅಂದರೆ ಊಟದ ತಟ್ಟೆ. ‘ಬಟ್ಟಲು ಇಡು, ಅನ್ನ ಬಡಿಸುತ್ತೇನೆ’ ಅನ್ನುವ ಊರಲ್ಲಿ ಬಟ್ಟಲಿನ ಚಾರ್ಟ್ ಅಂದರೆ ಚಪ್ಪಟೆ ತಳವೇ ಕಣ್ಣಿಗೆ ಬರುತ್ತದೆ. ಹಾಗೆ ಚಪ್ಪಟೆಯಾಗಿ ಸಾಗುವ ಆಕಾರವೂ ಓನೀಲ್ ಪಟ್ಟಿಯಲ್ಲಿ ಬೇರೆಯೇ ಇದೆ! ಅದರಲ್ಲಿ ಇಳಿತ ಶೇಕಡಾ 15 ದಾಟುವುದಿಲ್ಲ. ಕಪ್ಪಿನ ಆಕಾರದಲ್ಲಾದರೆ ಸಾಮಾನ್ಯವಾಗಿ 12ರಿಂದ 33ರವರೆಗೆ. ಎರಡನ್ನೂ ಬೆರೆಸಿಬಿಟ್ಟರೆ ಕಷ್ಟ.

‘ಕಪ್ಪು’ ಅಂತ ಬರೆದರೆ ಬಣ್ಣ ಅಂತ ಓದಿಕೊಳ್ಳುತ್ತಾರೆ. ‘ಕಪ್’ ಅಂತ ನಿಲ್ಲಿಸಿದರೆ ವಿಭಕ್ತಿ ಹಚ್ಚುವಾಗ ಮತ್ತೆ ‘ಕಪ್ಪಿನ’ ಆಗುತ್ತದೆ. ಲೋಟಕ್ಕೆ ಹಿಡಿ ಇಲ್ಲ. ಧಾರವಾಡ, ಮೈಸೂರು, ಶಿವಮೊಗ್ಗ ಕಡೆಯ ಮನೆಗಳಲ್ಲಿ ಹಿಡಿ ಇರುವ ಚಹಾ ಕಪ್ಪಿಗೆ ಬೇರೆ ಹೆಸರು ಬಳಕೆಯಲ್ಲಿದೆಯೇ? ಆ ಹಿಡಿಗೆ ‘ಕಿವಿ’ ಅನ್ನುವವರೂ ಇದ್ದಾರೆ. ನಿಮ್ಮಲ್ಲಿ ಯಾವುದು ಓಡುತ್ತದೆ, ತಿಳಿಸಿ.