ಪ್ರಶ್ನೋತ್ತರ: ಸಿಗ್ನಲ್ ಪೂರ್ತಿ ಇದ್ದರೂ ಸಂದೇಶ ಏಕೆ ಹೋಗುವುದಿಲ್ಲ?

ಪ್ರಶ್ನೆ (ಸವದತ್ತಿಯ ಒಬ್ಬ ವ್ಯಾಪಾರಿ ಸದಸ್ಯರಿಂದ)

ಸರ್, ನಮಸ್ಕಾರ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ನಾವು ಯಲ್ಲಮ್ಮನ ಗುಡ್ಡದ ಮೇಲೆ ಕುಂಕುಮ, ಭಂಡಾರದ ಅಂಗಡಿ ಹಾಕುತ್ತೇವೆ. ಆ ದಿನಗಳಲ್ಲಿ ಮೊಬೈಲಿನಲ್ಲಿ ಸಿಗ್ನಲ್ ಕಡ್ಡಿಗಳೆಲ್ಲ ತುಂಬಿಯೇ ಕಾಣುತ್ತವೆ. ಆದರೂ ಗಿರಾಕಿ ಕಳಿಸಿದ ಹಣ ಬಂದಿತೋ ಇಲ್ಲವೋ ಎಂಬುದು ತಿಳಿಯುವುದಿಲ್ಲ, ಫೋಟೊ ಕಳಿಸಿದರೆ ಚಕ್ರ ಸುತ್ತುತ್ತಲೇ ಇರುತ್ತದೆ. ಎಸ್‌ಎಂಎಸ್ ಮಾತ್ರ ತಡವಾಗಿಯಾದರೂ ಬರುತ್ತದೆ. ರೇಡಿಯೊಗೆ ಯಾವ ತೊಂದರೆಯೂ ಆಗುವುದಿಲ್ಲ. ಎಲ್ಲವೂ ಗಾಳಿಯಲ್ಲಿಯೇ ಬರುವಾಗ ಇಷ್ಟು ವ್ಯತ್ಯಾಸ ಏಕೆ?

ಉತ್ತರ (ಬೆಳಗಾವಿಯ ದೂರಸಂಪರ್ಕ ಎಂಜಿನಿಯರ್)

ನಮಸ್ಕಾರ. ಮೊದಲು ಆ ಕಡ್ಡಿಗಳ ವಿಷಯ. ಟವರಿನಿಂದ ಹೊರಡುವ ಅಲೆ ನಿಮ್ಮ ಫೋನಿಗೆ ಎಷ್ಟು ಬಲವಾಗಿ ತಲುಪುತ್ತಿದೆ ಎಂಬುದನ್ನು ಅವು ತೋರಿಸುತ್ತವೆಯೇ ಹೊರತು, ಅದೇ ಟವರನ್ನು ಆ ಕ್ಷಣದಲ್ಲಿ ಎಷ್ಟು ಜನ ಹಂಚಿಕೊಂಡಿದ್ದಾರೆ ಎಂಬುದನ್ನಲ್ಲ. 20 ಮೆಗಾಹರ್ಟ್ಸ್ ತರಂಗಾಂತರ ಪಟ್ಟಿಯಲ್ಲಿ, ಎರಡು ಆಂಟೆನಾಗಳ ಸಾಮಾನ್ಯ ಜೋಡಣೆಯಲ್ಲಿ ಕೆಲಸ ಮಾಡುವ ಒಂದು 4ಜಿ ಸೆಲ್ (ಟವರಿನ ಒಂದು ದಿಕ್ಕಿನ ವ್ಯಾಪ್ತಿ) ಕಾಗದದ ಲೆಕ್ಕದಲ್ಲಿ ಕೊಡಬಲ್ಲ ಗರಿಷ್ಠ ವೇಗ ಸೆಕೆಂಡಿಗೆ ಸುಮಾರು 150 ಮೆಗಾಬಿಟ್, ಮತ್ತು ಅದು ಆ ಸೆಲ್ಲಿನಲ್ಲಿರುವ ಎಲ್ಲರಿಗೂ ಸೇರಿದ್ದು. ಐದು ನೂರು ಫೋನುಗಳು ಒಟ್ಟಿಗೆ ಬೇಡಿದರೆ ಒಬ್ಬೊಬ್ಬರ ಪಾಲಿಗೆ 0.3 ಮೆಗಾಬಿಟ್ ಬರುತ್ತದೆ. ಗುಡ್ಡದ ಮೇಲಿನ ಜನಸಾಗರದಲ್ಲಿ ಅದಕ್ಕಿಂತಲೂ ಕಡಿಮೆ ಸಿಗುವುದು ಸಹಜ.

ಪಾಲು ಸಿಗುವ ಮೊದಲು ಇನ್ನೊಂದು ಹಂತವಿದೆ. ಸುಮ್ಮನಿರುವ ಫೋನು ಏನನ್ನಾದರೂ ಕಳಿಸಬೇಕಾದರೆ ಮೊದಲು ಟವರಿಗೆ ಚಿಕ್ಕದೊಂದು ಕೋರಿಕೆ ಸಲ್ಲಿಸಿ ಸಮಯ ಬೇಡಿಕೊಳ್ಳಬೇಕು. ಆ ಕೋರಿಕೆಗಳಿಗೆ ಸರದಿ ಎಂಬುದಿಲ್ಲ. ಯಾರು ಯಾವಾಗ ಬೇಕಾದರೂ ಕೇಳಬಹುದು. ಹಲವರು ಒಂದೇ ಕ್ಷಣದಲ್ಲಿ ಕೇಳಿದಾಗ ಕೋರಿಕೆಗಳು ಒಂದಕ್ಕೊಂದು ಡಿಕ್ಕಿಯಾಗಿ ಯಾರದೂ ಕೇಳಿಸುವುದಿಲ್ಲ. ಪ್ರತಿ ಫೋನೂ ಸ್ವಲ್ಪ ಕಾದು ಮತ್ತೆ ಕೇಳುತ್ತದೆ. ಜಾತ್ರೆಯಲ್ಲಿ ಅನೇಕ ಫೋನುಗಳು ಈ ಬಾಗಿಲಿನಲ್ಲಿಯೇ ನಿಂತಿರುತ್ತವೆ.

ಇನ್ನು ನಿಮ್ಮ ಪ್ರಶ್ನೆಯ ತಿರುಳಿಗೆ ಬರುತ್ತೇನೆ. ಜಾಲಗಳನ್ನು ತಂತಿ ಇರುವವು, ಇಲ್ಲದವು ಎಂದು ವಿಂಗಡಿಸುವುದು ರೂಢಿ. ನನ್ನ ಮಟ್ಟಿಗೆ ಅದಕ್ಕಿಂತ ಮುಖ್ಯವಾದ ಪ್ರಶ್ನೆ, ಇರುವ ದಾರಿಯನ್ನು ಜಾಲವು ಹೇಗೆ ಹಂಚುತ್ತದೆ ಎಂಬುದು. ಹಳೆಯ ಸ್ಥಿರ ದೂರವಾಣಿಯಲ್ಲಿ ನೀವು ಬೆಳಗಾವಿಯಿಂದ ವಿಜಯಪುರಕ್ಕೆ ಕರೆ ಮಾಡಿದರೆ, ಮಾತು ಮುಗಿಯುವವರೆಗೆ ಒಂದು ದಾರಿ ನಿಮಗಾಗಿಯೇ ಮೀಸಲಾಗಿರುತ್ತಿತ್ತು. ಡಿಜಿಟಲ್ ವಿನಿಮಯ ಕೇಂದ್ರಗಳಲ್ಲಿ ನಿಮ್ಮ ದನಿಯನ್ನು ಸೆಕೆಂಡಿಗೆ 8,000 ಸಲ ಅಳೆದು, ಪ್ರತಿ ಅಳತೆಯನ್ನು 8 ಬಿಟ್‌ಗಳಲ್ಲಿ ಬರೆಯುತ್ತಿದ್ದರು; ಅಂದರೆ ಸೆಕೆಂಡಿಗೆ 64 ಕಿಲೋಬಿಟ್. ನೀವು ಮೌನವಾಗಿದ್ದರೂ ಆ 64 ಕಿಲೋಬಿಟ್ ಬೇರೆಯವರಿಗೆ ಸಿಗುತ್ತಿರಲಿಲ್ಲ.

ಇಂಟರ್‌ನೆಟ್ಟಿನ ಕ್ರಮ ಬೇರೆ. ಅಮೆರಿಕದಲ್ಲಿ ಪಾಲ್ ಬ್ಯಾರನ್, ಬ್ರಿಟನ್ನಿನಲ್ಲಿ ಡೊನಾಲ್ಡ್ ಡೇವಿಸ್ 1960ರ ದಶಕದಲ್ಲಿ ಪರಸ್ಪರ ಅರಿಯದೆಯೇ ಒಂದೇ ವಿಚಾರಕ್ಕೆ ಬಂದರು: ಮಾಹಿತಿಯನ್ನು ಚಿಕ್ಕ ಪ್ಯಾಕೆಟ್‌ಗಳಾಗಿ ಒಡೆದು, ಪ್ರತಿಯೊಂದರ ಮೇಲೆ ವಿಳಾಸ ಬರೆದು, ಯಾರಿಗೂ ದಾರಿಯನ್ನು ಮೀಸಲಿಡದೆ ಸಾಗಿಸುವುದು. 1969ರ ಅಕ್ಟೋಬರ್ 29ರಂದು ಇಂಟರ್‌ನೆಟ್ಟಿಗೆ ಮೂಲವಾದ ಅರ್ಪಾನೆಟ್ ಜಾಲದಲ್ಲಿ ಮೊದಲ ಸಂದೇಶ ಹೋದದ್ದು ಈ ವಿಧಾನದಿಂದಲೇ. ಒಂದು ಪ್ಯಾಕೆಟ್ಟಿನ ಗಾತ್ರ ಸಾಮಾನ್ಯವಾಗಿ 1,500 ಬೈಟ್ (ಒಂದು ಬೈಟ್ ಅಂದರೆ 8 ಬಿಟ್) ಮೀರುವುದಿಲ್ಲವಾದ್ದರಿಂದ, 3 ಎಂಬಿಯ ನಿಮ್ಮ ಫೋಟೊ ಎರಡು ಸಾವಿರಕ್ಕೂ ಹೆಚ್ಚು ತುಂಡುಗಳಾಗಿ ಹೊರಡುತ್ತದೆ. ದಾರಿಯಲ್ಲಿ ಕಳೆದುಹೋದವನ್ನು ಮತ್ತೆ ಕಳಿಸಬೇಕಾಗುತ್ತದೆ.

ದಟ್ಟಣೆಯಾದಾಗ ಎರಡರ ಸ್ವಭಾವವೂ ಬಯಲಾಗುತ್ತದೆ. ಮೀಸಲು ದಾರಿಯ ಜಾಲ ಹೊಸಬರನ್ನು ಹೊರಗೆ ನಿಲ್ಲಿಸುತ್ತದೆ, ಒಳಗಿರುವವರ ಮಾತು ಕೆಡುವುದಿಲ್ಲ. ಪ್ಯಾಕೆಟ್ ಜಾಲ ಎಲ್ಲರನ್ನೂ ಒಳಗೆ ಬಿಟ್ಟು ಎಲ್ಲರನ್ನೂ ನಿಧಾನಗೊಳಿಸುತ್ತದೆ. ಹಣ ಪಾವತಿಯ ಮಾಹಿತಿ ಗಾತ್ರದಲ್ಲಿ ಬಹಳ ಚಿಕ್ಕದು. ಆದರೆ ಅದು ನಿಮ್ಮ ಫೋನ್, ಸರ್ವರ್, ಎರಡು ಬ್ಯಾಂಕುಗಳು ಇವುಗಳ ನಡುವೆ ಹಲವು ಸಲ ಓಡಾಡಿ, ನಿಗದಿತ ಸಮಯದೊಳಗೆ ಮುಗಿಯಬೇಕು. ಒಂದು ಉತ್ತರ ತಡವಾದರೂ ಸಾಕು, ವ್ಯವಹಾರ ನಡುವೆಯೇ ನಿಲ್ಲುತ್ತದೆ.

ಎಸ್‌ಎಂಎಸ್ಸಿಗೆ ಆ ಆತುರವಿಲ್ಲ. ಒಂದು ಸಂದೇಶದ ಗಾತ್ರ 140 ಬೈಟ್ ಮಾತ್ರ. ಅದು ಕರೆಗಳನ್ನು ಜೋಡಿಸಲು ಇರುವ ನಿಯಂತ್ರಣ ಮಾರ್ಗದಲ್ಲಿ ಸಾಗಿ, ಸಂದೇಶ ಕೇಂದ್ರದಲ್ಲಿ ತಂಗುತ್ತದೆ. ನಿಮ್ಮ ಫೋನು ಸಿಗದಿದ್ದರೆ ಕೇಂದ್ರವು ಅದನ್ನು ಇಟ್ಟುಕೊಂಡಿದ್ದು ಮತ್ತೆ ಪ್ರಯತ್ನಿಸುತ್ತದೆ. ಆದ್ದರಿಂದಲೇ ಅದು ತಡವಾಗಿ ಬರುತ್ತದೆ, ಆದರೆ ಬರುತ್ತದೆ.

ರೇಡಿಯೊದಲ್ಲಿ ಹಂಚಿಕೆಯ ಪ್ರಶ್ನೆಯೇ ಇಲ್ಲ. ಡಂಗುರ ಸಾರುವವನಿಗೆ ಕೇಳುವವರು ನೂರು ಜನರಾದರೂ ಸಾವಿರ ಜನರಾದರೂ ಶ್ರಮ ಒಂದೇ ಅಲ್ಲವೇ, ಹಾಗೆ.

ಮರುಪ್ರಶ್ನೆ (ಅದೇ ಸದಸ್ಯರಿಂದ)

ಧನ್ಯವಾದಗಳು ಸರ್. ಹಾಗಾದರೆ ಜಾತ್ರೆಯಲ್ಲಿ ಗಿರಾಕಿಗಳಿಗೆ ಕನ್ನಡದಲ್ಲಿಯೇ ಎಸ್‌ಎಂಎಸ್ ಕಳಿಸುವುದು ಒಳ್ಳೆಯದೇ? ಕನ್ನಡದಲ್ಲಿ ಬರೆದರೆ ಒಂದು ಸಂದೇಶಕ್ಕೆ ಎರಡು ಮೂರು ಸಂದೇಶಗಳ ಲೆಕ್ಕ ಬೀಳುತ್ತದೆ.

ಉತ್ತರ

ಧಾರಾಳವಾಗಿ ಕನ್ನಡದಲ್ಲಿ ಕಳಿಸಿ, ಆದರೆ ಚಿಕ್ಕದಾಗಿರಲಿ. ಅದೇ 140 ಬೈಟ್‌ಗಳಲ್ಲಿ ಇಂಗ್ಲಿಷಿನ 160 ಅಕ್ಷರಗಳು ಹಿಡಿಸುತ್ತವೆ, ಏಕೆಂದರೆ ಅಲ್ಲಿ ಒಂದು ಅಕ್ಷರಕ್ಕೆ 7 ಬಿಟ್ ಸಾಕು. ಕನ್ನಡದಲ್ಲಿ ಒಂದು ಸಂಕೇತಕ್ಕೆ 16 ಬಿಟ್ ಬೇಕಾಗುವುದರಿಂದ 70 ಮಾತ್ರ ಹಿಡಿಸುತ್ತವೆ. ಗುಣಿತದ ಚಿಹ್ನೆ, ಒತ್ತಕ್ಷರ ಎಲ್ಲವೂ ಬೇರೆ ಬೇರೆಯಾಗಿಯೇ ಎಣಿಕೆಯಾಗುತ್ತವೆ. ‘ಯಲ್ಲಮ್ಮ’ ಎಂಬುದು ನಮ್ಮ ಕಣ್ಣಿಗೆ ಮೂರಕ್ಷರವಾದರೂ ಜಾಲಕ್ಕೆ ಏಳು ಸಂಕೇತಗಳು. 70 ದಾಟಿದರೆ ಸಂದೇಶ ಒಡೆಯುತ್ತದೆ, ಒಡೆದ ಮೇಲೆ ಪ್ರತಿ ತುಂಡಿನಲ್ಲಿ 67 ಮಾತ್ರ ಉಳಿಯುತ್ತವೆ.

ಹಣದ ವಿಷಯದಲ್ಲಿ, *99# ಒತ್ತಿ ಬಳಸುವ ಸೇವೆಗೆ ಇಂಟರ್‌ನೆಟ್ ಬೇಡ. ಖಾತೆಯ ಶಿಲ್ಕು ನೋಡಿಕೊಳ್ಳಲು ಅದು ಉಪಯೋಗಕ್ಕೆ ಬರುತ್ತದೆ. ಅಂಗಡಿಯಲ್ಲಿ ಎರಡು ಬೇರೆ ಬೇರೆ ಕಂಪನಿಗಳ ಸಿಮ್ ಇಟ್ಟುಕೊಳ್ಳುವುದೂ ಸರಿಯಾದ ಕ್ರಮ, ಏಕೆಂದರೆ ದಟ್ಟಣೆ ಎರಡರಲ್ಲಿಯೂ ಒಂದೇ ಸಮನಾಗಿ ಇರಬೇಕೆಂದಿಲ್ಲ.

ಪ್ರಶ್ನೆ (ಜಮಖಂಡಿ ತಾಲ್ಲೂಕಿನ ಒಬ್ಬ ಗ್ರಾಮ ಪಂಚಾಯಿತಿ ಸದಸ್ಯರಿಂದ)

ಮಾನ್ಯರೇ, ನಮ್ಮೂರು ಕೃಷ್ಣಾ ನದಿಯ ದಂಡೆಯಲ್ಲಿದೆ. 2019ರ ಆಗಸ್ಟ್ ತಿಂಗಳ ಪ್ರವಾಹವನ್ನು ಕಂಡ ಮೇಲೆ, ಮುನ್ನೆಚ್ಚರಿಕೆ ತಿಳಿಸಲು ಊರಿನ ವಾಟ್ಸ್ಆ್ಯಪ್ ಗುಂಪು ಮಾಡಿಕೊಂಡಿದ್ದೇವೆ. ಇಷ್ಟು ಸಾಕಾಗುತ್ತದೆಯೇ?

ಉತ್ತರ

ಸಾಕಾಗುವುದಿಲ್ಲ ಎಂದು ಸ್ಪಷ್ಟವಾಗಿಯೇ ಹೇಳುತ್ತೇನೆ, ಏಕೆಂದರೆ ಇದು ಜೀವದ ಪ್ರಶ್ನೆ. ಗುಂಪಿನಲ್ಲಿ ನೀವು ಒಂದು ಸಲ ಬರೆದರೂ, ಆ ಸಂದೇಶ ದೂರದ ಸರ್ವರಿಗೆ ಹೋಗಿ, ಅಲ್ಲಿಂದ ಒಬ್ಬೊಬ್ಬ ಸದಸ್ಯನ ಫೋನಿಗೂ ಪ್ರತ್ಯೇಕವಾಗಿ ಮರಳಿ ಬರಬೇಕು. ಪಕ್ಕದ ಮನೆಯವರಿಗೆ ಕಳಿಸಿದರೂ ಅದೇ ಸುತ್ತು ದಾರಿ. ಗುಂಪಿನ ಮಿತಿ 1,024 ಜನ. ಅದರಲ್ಲಿ ಇಲ್ಲದವರಿಗೆ, ಸಾದಾ ಫೋನ್ ಇಟ್ಟುಕೊಂಡ ಹಿರಿಯರಿಗೆ, ಆ ದಿನ ಊರಿಗೆ ಬಂದ ಬೀಗರಿಗೆ ಸುದ್ದಿ ಮುಟ್ಟುವುದೇ ಇಲ್ಲ.

ಇದಕ್ಕೆಂದೇ ಇರುವ ವ್ಯವಸ್ಥೆಗೆ ಸೆಲ್ ಬ್ರಾಡ್‌ಕಾಸ್ಟ್ ಎಂದು ಹೆಸರು. 2023ರಲ್ಲಿ ಎಲ್ಲರ ಫೋನುಗಳೂ ಒಮ್ಮೆಲೇ ಜೋರಾಗಿ ಸದ್ದು ಮಾಡಿ, ಪರೀಕ್ಷಾರ್ಥ ಎಚ್ಚರಿಕೆ ಪರದೆಯ ಮೇಲೆ ಮೂಡಿದ್ದು ನಿಮಗೆ ನೆನಪಿರಬಹುದು. ಅದರಲ್ಲಿ ಟವರು ಯಾರ ನಂಬರನ್ನೂ ಹುಡುಕುವುದಿಲ್ಲ. ತನ್ನ ವ್ಯಾಪ್ತಿಯ ಎಲ್ಲರಿಗೂ ಕೇಳುವ ಮಾರ್ಗದಲ್ಲಿ ಒಂದೇ ಸಂದೇಶವನ್ನು ಬಿಡುತ್ತದೆ. ಹತ್ತು ಫೋನಿರಲಿ, ಹತ್ತು ಸಾವಿರವಿರಲಿ, ಜಾಲದ ಮೇಲಿನ ಭಾರ ಅಷ್ಟೇ. ಯಾರು ಓದಿದರು ಎಂಬುದು ಕಳಿಸಿದವರಿಗೆ ತಿಳಿಯದಿರುವುದು ಅದರ ಮಿತಿ. ಈ ಎಚ್ಚರಿಕೆಗಳನ್ನು ಫೋನಿನ ಸೆಟ್ಟಿಂಗ್ಸ್‌ನಲ್ಲಿ ಯಾರೂ ಬಂದ್ ಮಾಡಿಟ್ಟಿಲ್ಲ ಎಂಬುದನ್ನು ಮಳೆಗಾಲಕ್ಕೆ ಮೊದಲೇ ಮನೆ ಮನೆಗೆ ಹೋಗಿ ನೋಡಿಸಿ.

ಎಚ್ಚರಿಕೆಯನ್ನು ಹಂಚುವ ಜಾಲ ಒಂದಾದರೆ, ಅದಕ್ಕೆ ಬೇಕಾದ ಮಾಹಿತಿಯನ್ನು ಕೂಡಿಸುವ ಜಾಲ ಇನ್ನೊಂದು. ಕೇಂದ್ರ ಜಲ ಆಯೋಗದ ಸ್ವಯಂಚಾಲಿತ ಮಾಪನ ಕೇಂದ್ರಗಳು ನದಿಯ ಮಟ್ಟವನ್ನು ಉಪಗ್ರಹದ ಮೂಲಕ ಕಳಿಸುತ್ತವೆ. ಭೂಸ್ಥಿರ ಉಪಗ್ರಹ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವುದರಿಂದ ಅಲೆ ಮೇಲೆ ಹೋಗಿ ಕೆಳಗೆ ಬರಲು ಕಾಲು ಸೆಕೆಂಡು ಹಿಡಿಯುತ್ತದೆ. ಮಾತನಾಡುವವರಿಗೆ ಇದು ತೊಡಕು, ನೀರಿನ ಮಟ್ಟ ತಿಳಿಸುವುದಕ್ಕೆ ಏನೇನೂ ತೊಡಕಲ್ಲ. ಪ್ರವಾಹದಲ್ಲಿ ನೆಲದೊಳಗಿನ ಕೇಬಲ್ ಕೊಚ್ಚಿಹೋದರೂ ಆ ದಾರಿ ಉಳಿದಿರುತ್ತದೆ ಎಂಬುದೇ ದೊಡ್ಡ ವಿಷಯ.

ಊರಿನ ಟವರಿಗೆ ಕರೆಂಟ್ ಹೋಗಿ, ಬ್ಯಾಟರಿ ಮುಗಿದು, ಜನರೇಟರಿಗೆ ಡೀಸೆಲ್ ಒಯ್ಯುವ ರಸ್ತೆಯೂ ಮುಳುಗಿದರೆ ಮೊಬೈಲ್ ಜಾಲ ಪೂರ್ತಿ ನಿಲ್ಲುತ್ತದೆ. ಆಗ ಮಧ್ಯಮ ತರಂಗದ ರೇಡಿಯೊ ಬೇಕು. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯಂಥ ಕೇಂದ್ರದ ಪ್ರಸಾರ ಕಂಬ ನಿಮ್ಮ ನದಿಯಿಂದ ದೂರದಲ್ಲಿದೆ. ಮಧ್ಯಮ ತರಂಗ ನೆಲವನ್ನು ಅನುಸರಿಸಿ ಬಹುದೂರ ಸಾಗುತ್ತದೆ. ಸೆಲ್ ಹಾಕಿದ ಒಂದು ಟ್ರಾನ್ಸಿಸ್ಟರ್ ಯಾರ ಅನುಮತಿಯನ್ನೂ ಬೇಡದೆ ಅದನ್ನು ಹಿಡಿಯುತ್ತದೆ. ಪಂಚಾಯಿತಿಯಲ್ಲಿ ಅಂಥದ್ದೊಂದನ್ನು ಇಡಿ. ಗುಡಿಯ ಧ್ವನಿವರ್ಧಕವನ್ನೂ ಬ್ಯಾಟರಿಗೆ ಜೋಡಿಸಿಡಿ.

ಮರಳಿ ಮಾತನಾಡಬೇಕಾದ ರಕ್ಷಣಾ ತಂಡಗಳಿಗೆ ವಾಕಿ-ಟಾಕಿಯೇ ಸರಿ. ಅದರಲ್ಲಿ ಒಬ್ಬರು ಗುಂಡಿ ಒತ್ತಿ ಮಾತನಾಡಿದರೆ ಅದೇ ಚಾನೆಲ್ಲಿನ ಎಲ್ಲರಿಗೂ ಕೇಳುತ್ತದೆ, ಇಬ್ಬರು ಒಟ್ಟಿಗೆ ಒತ್ತಿದರೆ ಇಬ್ಬರದೂ ಕೆಡುತ್ತದೆ. ಅಲ್ಲಿ ದಾರಿಯನ್ನು ಹಂಚುವುದು ಯಂತ್ರವಲ್ಲ, ಮಾತನಾಡುವವರ ಶಿಸ್ತು.

ಪ್ರಶ್ನೆ (ವಿಜಯಪುರದ ಒಬ್ಬ ಶಿಕ್ಷಕಿಯಿಂದ)

ನಮ್ಮ ಓಣಿಗೆ ಬಂದಿರುವ ಫೈಬರನ್ನು ಹಲವು ಮನೆಗಳಿಗೆ ಒಡೆದು ಕೊಟ್ಟಿದ್ದಾರೆ. ನನ್ನ ಮಾಹಿತಿ ನೆರೆಯವರಿಗೆ ಹೋಗುತ್ತದೆಯೇ? ಶಾಲೆಯ ಲ್ಯಾಬಿಗೂ ಇಂಥದ್ದೇ ಸಂಪರ್ಕ ಬಂದಿದೆ. ವೈಫೈನಲ್ಲಿ ಎಲ್ಲ ಮಕ್ಕಳೂ ಒಂದೇ ವಿಡಿಯೊ ತೆರೆದರೆ ಎಲ್ಲವೂ ನಿಲ್ಲುತ್ತದೆ.

ಉತ್ತರ

ಅಕ್ಕಾವರೇ, ಒಂದು ರೀತಿಯಲ್ಲಿ ಹೋಗುತ್ತದೆ, ಆದರೆ ಓದಲು ಆಗುವುದಿಲ್ಲ. ಕಂಬದ ಮೇಲಿನ ಸ್ಪ್ಲಿಟರ್ ಎಂಬ ಚಿಕ್ಕ ಪೆಟ್ಟಿಗೆ ಒಂದು ಎಳೆಯ ಬೆಳಕನ್ನು 32 ಅಥವಾ 64 ಎಳೆಗಳಿಗೆ ಹಂಚುತ್ತದೆ. ಅದಕ್ಕೆ ಕರೆಂಟೂ ಬೇಡ. ಜಿಪಾನ್ ಎಂಬ ಬಗೆಯಲ್ಲಿ ಕೆಳಮುಖವಾಗಿ ಸೆಕೆಂಡಿಗೆ ಸುಮಾರು 2.5 ಗಿಗಾಬಿಟ್ ಬರುತ್ತದೆ. ಅದು ಎಲ್ಲ ಮನೆಗಳಿಗೂ ಮುಟ್ಟುತ್ತದೆ, ಆಯಾ ಮನೆಯ ಪೆಟ್ಟಿಗೆ ತನ್ನದನ್ನು ಮಾತ್ರ ಎತ್ತಿಕೊಳ್ಳುತ್ತದೆ. ಅದನ್ನು ಗೂಢಲಿಪಿಯಲ್ಲಿ ಕಳಿಸುವ ವ್ಯವಸ್ಥೆ ಆ ತಂತ್ರಜ್ಞಾನದಲ್ಲಿಯೇ ಇದೆ. ಬ್ಯಾಂಕಿನ ತಾಣ, ಸಂದೇಶದ ಆ್ಯಪ್‌ಗಳು ಅದರ ಮೇಲೆ ತಮ್ಮದೇ ಬೀಗವನ್ನೂ ಹಾಕುತ್ತವೆ. ಮೇಲ್ಮುಖವಾಗಿ ಪ್ರತಿ ಮನೆಗೂ ಅದರದೇ ಕ್ಷಣವನ್ನು ಗೊತ್ತುಮಾಡಿರುತ್ತಾರೆ.

ಲ್ಯಾಬಿನ ತೊಂದರೆ ಫೈಬರಿನದಲ್ಲ, ವೈಫೈನದು ಇರಬೇಕು. ಒಂದು ವೈಫೈ ಚಾನೆಲ್ಲಿನಲ್ಲಿ ಸಾಮಾನ್ಯವಾಗಿ ಒಂದು ಕ್ಷಣದಲ್ಲಿ ಒಂದೇ ಯಂತ್ರ ಮಾತನಾಡುತ್ತದೆ, ಉಳಿದವು ಕಾಯುತ್ತವೆ. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದಂತೆ ಬಳಸಬಹುದಾದ ಚಾನೆಲ್‌ಗಳು 1, 6, 11 ಎಂಬ ಮೂರೇ. ಡೆಸ್ಕ್‌ಟಾಪ್‌ಗಳನ್ನು ಕೇಬಲ್ ಎಳೆದು, ಕಂಪ್ಯೂಟರುಗಳನ್ನು ಜಾಲಕ್ಕೆ ಬೆಸೆಯುವ ಸ್ವಿಚ್ ಎಂಬ ಪೆಟ್ಟಿಗೆಗೆ ಜೋಡಿಸಿದರೆ ಪ್ರತಿಯೊಂದಕ್ಕೂ ಅದರದೇ ದಾರಿ ಸಿಗುತ್ತದೆ. ಎಲ್ಲ ಮಕ್ಕಳೂ ನೋಡಬೇಕಾದ ವಿಡಿಯೊವನ್ನು ಲ್ಯಾಬಿನ ಒಂದು ಕಂಪ್ಯೂಟರಿನಲ್ಲಿ ಒಮ್ಮೆ ಇಳಿಸಿಟ್ಟು, ಅಲ್ಲಿಂದಲೇ ತೆರೆಯಲು ಹೇಳಿ. ಆಗ ಹೊರಗಿನ ಸಂಪರ್ಕ ಕಡಿದುಹೋದ ದಿನವೂ ಪಾಠ ನಡೆಯುತ್ತದೆ. ಸ್ವಿಚ್ ಕೊಳ್ಳುವಾಗ ಗಿಗಾಬಿಟ್ ಎಂದು ಬರೆದಿರುವುದನ್ನೇ ಕೇಳಿ ತೆಗೆದುಕೊಳ್ಳಿ; ಕೇಬಲ್ ಕ್ಯಾಟ್-6 ಇರಲಿ, ಒಂದೊಂದರ ಉದ್ದ 100 ಮೀಟರ್ ಮೀರದಿರಲಿ.