ಹಣೆಬೊಟ್ಟು ದುಂಡಗಿದೆಯಾ ನೋಡಿ

ಯಲಹಂಕ ಭಾವ: (ಫಾರ್ವರ್ಡ್) ಮತ್ತೆ ಮತ್ತೆ ನೋಡಬೇಕಾದ 10 ಕನ್ನಡ ಚಿತ್ರಗಳು!! ಎಲ್ಲಾ ಫುಲ್ ಎಚ್‌ಡಿ. ಲಿಂಕ್ ಒತ್ತಿ, ಆನಂದಿಸಿ, ಹತ್ತು ಜನಕ್ಕೆ ಕಳಿಸಿ.

ಯಲಹಂಕ ಭಾವ: ಭಾನುವಾರಕ್ಕೆ ಇದರಲ್ಲೇ ಎರಡು ಆರಿಸಿ. ಪೆನ್‌ಡ್ರೈವ್‌ಗೆ ಹಾಕ್ಕೊಂಡು ಬಸವನಗುಡಿಗೆ ತರ್ತೀನಿ.

ಬಸವನಗುಡಿ ಮಾವ: ಮೊದಲನೇದೇ ಸತಿ ಸುಲೋಚನ! 1934ರ ಆ ಚಿತ್ರದ ಒಂದು ಪ್ರಿಂಟೂ ಉಳಿದಿಲ್ಲ. ಲಿಂಕ್ ಒತ್ತಿ ನೋಡಿದ್ಯಾ?

ಯಲಹಂಕ ಭಾವ: ಈಗ ಒತ್ತಿದೆ. ನಾಕು ಫೋಟೋ ಓಡ್ತಿವೆ, ಹಿಂದೆ ಯಾರೋ ಮಾತಾಡ್ತಿದ್ದಾರೆ.

ಬಸವನಗುಡಿ ಮಾವ: ಬಂಗಾರದ ಮನುಷ್ಯ 'ಕನ್ನಡದ ಮೊದಲ ಕಲರ್ ಚಿತ್ರ'ವಂತೆ. ಅದು 1972. ಅಮರಶಿಲ್ಪಿ ಜಕಣಾಚಾರಿ 1964ರಲ್ಲೇ ಪೂರ್ತಿ ಬಣ್ಣದಲ್ಲಿ ಬಂದಿತ್ತು. ಪಟ್ಟಿ ಮಾಡಿದವರು ಪೋಸ್ಟರ್ ನೋಡಿದ್ದಾರೆ, ಸಿನಿಮಾ ನೋಡಿಲ್ಲ.

ಮಲ್ಲೇಶ್ವರಂ ಅತ್ತೆ: ಕೊಂಕು ಸಾಕು. ಮಿಕ್ಕಿದ್ದು ಚೆನ್ನಾಗೇ ಇದೆ. ಸಂಸ್ಕಾರ, ಕಸ್ತೂರಿ ನಿವಾಸ, ಭೂತಯ್ಯನ ಮಗ ಅಯ್ಯು, ಘಟಶ್ರಾದ್ಧ. ಇದರಲ್ಲಿ ಯಾವುದು ಬೇಡ ಅಂತೀರಾ?

ಬಸವನಗುಡಿ ಮಾವ: ಹೆಸರಿಗಲ್ಲಮ್ಮ ತಕರಾರು, ಕಾಪಿಗೆ.

ಪುಟ್ಟ: ಮಾವ ಹೇಳಿದ್ದು ಸರಿ. ಮೂರನೇ ಲಿಂಕ್ ತೆಗೆದು, ಹೆಂಗಸರ ಮುಖ ಹತ್ತಿರದಿಂದ ಬರೋ ಕಡೆ ನಿಲ್ಲಿಸಿ. ಹಣೆಬೊಟ್ಟು ದುಂಡಗಿದ್ರೆ ಸರಿ. ಅಡ್ಡ ಮಲಗಿದ ಮೊಟ್ಟೆ ಥರ ಇದ್ರೆ ಚಿತ್ರ ಎಳೆದಿದ್ದಾರೆ. ಆ ಕಾಲದ ನಮ್ಮ ಚಿತ್ರಗಳ ಚೌಕಟ್ಟಿನ ಅಗಲ-ಎತ್ತರ ಹೆಚ್ಚುಕಮ್ಮಿ 4:3, ಈಗಿನ ಟಿವಿ 16:9. ಎಡಕ್ಕೂ ಬಲಕ್ಕೂ ಕಪ್ಪು ಬಿಡ್ಲೇಬೇಕು. ಬಿಡೋಕೆ ಮನಸ್ಸಿಲ್ಲದವರು ಅಡ್ಡಕ್ಕೆ ಎಳೀತಾರೆ, ಇಲ್ಲಾ ಮೇಲೆ ಕೆಳಗೆ ಕತ್ತರಿಸ್ತಾರೆ. ಎಳೆದದ್ದಕ್ಕೆ ಮದ್ದಿದೆ: ಲ್ಯಾಪ್‌ಟಾಪಲ್ಲಿ ವಿಡಿಯೋ ನೋಡೋ ವಿಎಲ್‌ಸಿ ಆ್ಯಪಲ್ಲಿ 'ಎ' ಕೀ ಒತ್ತುತ್ತಾ ಹೋಗಿ, 4:3 ಅಂತ ಬಂದಾಗ ನಿಲ್ಲಿಸಿ. ಕತ್ತರಿಸಿದ್ದಕ್ಕೆ ಮದ್ದಿಲ್ಲ, ಎತ್ತರದಲ್ಲಿ ಹತ್ತಿರ ಹತ್ತಿರ ಕಾಲು ಭಾಗ ಹೋಗಿರುತ್ತೆ. ಅದನ್ನ ಟೈಟಲ್ ಕಾರ್ಡಲ್ಲಿ ಹಿಡೀಬಹುದು. ಮೇಲಿನ ಸಾಲಿನ ತಲೆಕಟ್ಟು ಹಾರಿಹೋಗಿರುತ್ತೆ, ಕೆಳಗಿನ ಸಾಲಿನ ಒತ್ತಕ್ಷರ ಇರಲ್ಲ.

ಯಲಹಂಕ ಭಾವ: ಎಡಬಲ ಕಪ್ಪು ಪಟ್ಟಿ ನೋಡೋಕೆ 55 ಇಂಚಿನ ಟಿವಿ ಯಾಕಪ್ಪಾ? ಕಾಸು ಕೊಟ್ಟಿರೋದು ಪೂರ್ತಿ ಪರದೆಗೆ.

ಬಸವನಗುಡಿ ಮಾವ: ಹಾಗಂತ ಹೀರೋ ತಲೆ ಕುಯ್ಯಬೇಕಾ?

ಪುಟ್ಟ: ಸ್ಕೋಪ್ ಚಿತ್ರಕ್ಕೆ, ಅಂದ್ರೆ ಟಿವಿಗಿಂತ ಅಗಲವಾದ ಚಿತ್ರಕ್ಕೆ, ಲೆಕ್ಕ ಉಲ್ಟಾ, ಭಾವ. 1977ರ ಸೊಸೆ ತಂದ ಸೌಭಾಗ್ಯದಿಂದ ಕನ್ನಡಕ್ಕೆ ಸಿನಿಮಾಸ್ಕೋಪ್ ಬಂತು. ಅಂಥದ್ದಕ್ಕೆ ಮೇಲೂ ಕೆಳಗೂ ಕಪ್ಪು ಇರ್ಬೇಕು. ಪರದೆ ತುಂಬಿದ್ರೆ ಪಕ್ಕದ್ದು ಹೋಗಿರುತ್ತೆ. ಆ ತುದೀಲೊಬ್ಬ ಈ ತುದೀಲೊಬ್ಬ ನಿಂತು ಜಗಳ ಆಡ್ತಿದ್ರೆ ನಮಗೆ ಕಾಣೋದು ಎರಡು ಮೂಗು.

ಮಲ್ಲೇಶ್ವರಂ ಅತ್ತೆ: ಕಸ್ತೂರಿ ನಿವಾಸ ಬಣ್ಣದ್ದೇ ಹಾಕಿ. 2014ರಲ್ಲಿ ಥಿಯೇಟರಿಗೇ ಬಂದಿತ್ತಲ್ಲ. ಕಪ್ಪುಬಿಳುಪು ಅಂದ್ರೆ ಮಕ್ಕಳು ಹತ್ತು ನಿಮಿಷಕ್ಕೆ ಎದ್ದುಹೋಗ್ತಾರೆ.

ಬಸವನಗುಡಿ ಮಾವ: 1971ರಲ್ಲಿ ಲೈಟ್ ಇಟ್ಟಿದ್ದೇ ಕಪ್ಪುಬಿಳುಪಿಗೆ. ಮುಖಾನ ಗೋಡೆಯಿಂದ ಬೇರೆ ಮಾಡ್ತಿದ್ದುದು ಬಣ್ಣ ಅಲ್ಲ, ಬೆಳಕು. ಅದರ ಮೇಲೆ ಬಣ್ಣ ಬಳಿದ್ರೆ ಕಣ್ಣು ಸೀರೆ ಕಡೆ ಹೋಗುತ್ತೆ.

ಮಲ್ಲೇಶ್ವರಂ ಅತ್ತೆ: ಹಾಗಾದ್ರೆ ರಿಮೋಟಲ್ಲಿ ಕಲರ್ ಸೊನ್ನೆ ಮಾಡ್ಕೊಳಿ. ನಿಮ್ಮ ಕಪ್ಪುಬಿಳುಪು ನಿಮಗೆ ಸಿಗುತ್ತೆ.

ಪುಟ್ಟ: ಅತ್ತೆ, ಅದು ಮುಕ್ಕಾಲು ಪಾಲು ಸರಿ. ಆದ್ರೆ ಬಣ್ಣ ಹಾಕೋ ಮುಂಚೆ ಸಾಮಾನ್ಯವಾಗಿ ಫಿಲ್ಮಿನ ಕಾಳು, ಅಂದ್ರೆ ಚಿತ್ರದ ತುಂಬಾ ಇರೋ ಸಣ್ಣ ಚುಕ್ಕಿ, ಒರೆಸ್ತಾರೆ. ಕಾಳಿನ ಜೊತೆ ಕೆನ್ನೆಯ ಗೆರೆ, ಖಾದಿ ಬಟ್ಟೆಯ ನೇಯ್ಗೆನೂ ಹೋಗುತ್ತೆ. ಕಲರ್ ಸೊನ್ನೆ ಮಾಡಿದ್ರೆ ಅದು ವಾಪಸ್ ಬರಲ್ಲ, ಮೇಣದ ಮುಖ ಮೇಣದ್ದಾಗೇ ಇರುತ್ತೆ.

ಬಸವನಗುಡಿ ಮಾವ: ಘಟಶ್ರಾದ್ಧ 1977. ಬಣ್ಣ ಕೈಗೆ ಸಿಗ್ತಿದ್ದ ಕಾಲದಲ್ಲೇ ಕಾಸರವಳ್ಳಿ ಕಪ್ಪುಬಿಳುಪಲ್ಲಿ ತೆಗೆದಿದ್ದು. ಎಸ್. ರಾಮಚಂದ್ರ ಕ್ಯಾಮೆರಾ. ಅದಕ್ಕೆ ಬಣ್ಣ ಬಳಿಯೋಕೆ ಹೋದವರಿಗೆ ನಾನೇ ಅಡ್ಡ ಮಲಗ್ತೀನಿ.

ಯಲಹಂಕ ಭಾವ: ಅದರ ಲಿಂಕಲ್ಲಿ '4ಕೆ ರಿಸ್ಟೋರ್ಡ್' ಅಂತಿದೆ, ನೋಡಿ!

ಪುಟ್ಟ: ಅಪ್‌ಲೋಡ್ ಆಗಿದ್ದು ಯಾವಾಗ?

ಯಲಹಂಕ ಭಾವ: 2015.

ಪುಟ್ಟ: ಪುಣೆಯ ಫಿಲ್ಮ್ ಆರ್ಕೈವ್‌ನಲ್ಲಿದ್ದ ಮೂಲ ನೆಗೆಟಿವ್‌ನಿಂದ ಅದನ್ನ 4ಕೆಗೆ (ಅಡ್ಡಕ್ಕೆ ಸುಮಾರು 4,000 ಚುಕ್ಕಿ) ತಂದು ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದ್ದು 2024ರಲ್ಲಿ. ನೀವು ಕಳಿಸಿದ್ದು ಅದಲ್ಲ, ಹಳೇ ವಿಡಿಯೋ ಸಿಡಿ (ವಿಸಿಡಿ) ಕಾಪಿ ಇರ್ಬೇಕು. ವಿಸಿಡಿ ಅಂದ್ರೆ 352 ಅಡ್ಡ, 288 ಉದ್ದ, ಅಷ್ಟೇ ಚುಕ್ಕಿ. ಅದನ್ನ ಎಷ್ಟು ಉಬ್ಬಿಸಿದ್ರೂ ಹೊಸ ವಿವರ ಹುಟ್ಟಲ್ಲ, ಫೈಲ್ ಮಾತ್ರ ದಪ್ಪ ಆಗುತ್ತೆ.

ಯಲಹಂಕ ಭಾವ: ಈ ಸಂದೇಶವನ್ನು ಅಳಿಸಲಾಗಿದೆ

ಮಲ್ಲೇಶ್ವರಂ ಅತ್ತೆ: ಒಂದು ಅನುಮಾನ. ಆರನೇ ಲಿಂಕಿನ ಹಾಡಿಗೆ ಹಾರ್ಮೋನಿಯಂ ಕೂರ್ತಿಲ್ಲ. ಹಾಡಿನ ಶ್ರುತಿ ಪಕ್ಕಪಕ್ಕದ ಎರಡು ಮನೆ (ಹಾರ್ಮೋನಿಯಂ ಕೀಲಿ) ನಡುವೆ ಸಿಕ್ಕಿಹಾಕ್ಕೊಂಡಿದೆ. ರೆಕಾರ್ಡಲ್ಲಿ ಹಾಗಿಲ್ಲ.

ಪುಟ್ಟ: ಭಲೇ ಅತ್ತೆ! ಸಿನಿಮಾ ಓಡೋದು ಸೆಕೆಂಡಿಗೆ 24 ಚೌಕಟ್ಟು, ನಮ್ಮ ಹಳೇ ಟಿವಿ, ವಿಸಿಡಿ 25. ಹೊಂದಿಸೋಕೆ ಇಡೀ ಚಿತ್ರಾನೇ ನೂರಕ್ಕೆ 4ರಷ್ಟು ಜೋರಾಗಿ ಓಡಿಸಿಬಿಡ್ತಾರೆ. ಶ್ರುತಿ ಒಂದು ಮನೆಯ ಮುಕ್ಕಾಲು ಪಾಲಿನಷ್ಟು ಏರುತ್ತೆ, ಎರಡೂವರೆ ಗಂಟೆ ಚಿತ್ರ 2 ಗಂಟೆ 24 ನಿಮಿಷಕ್ಕೆ ಮುಗಿಯುತ್ತೆ. ಖಾತ್ರಿ ಮಾಡ್ಕೊಳ್ಳೋಕೆ ಶುರುವಿನ ಸೆನ್ಸಾರ್ ಸರ್ಟಿಫಿಕೇಟ್ ಹತ್ರ ನಿಲ್ಲಿಸಿ. ಉದ್ದ ಮೀಟರಲ್ಲಿರುತ್ತೆ. ಅದನ್ನ 27.4ರಿಂದ ಭಾಗಿಸಿ, ನಿಮಿಷ ಬರುತ್ತೆ. 4,100 ಮೀಟರ್ ಅಂದ್ರೆ 150 ನಿಮಿಷ. ಫೈಲ್ 144 ಇದ್ರೆ ಸ್ಪೀಡಿನ ದೋಷ. 130 ಇದ್ರೆ ಹಾಡೋ ಕಾಮಿಡಿಯೋ ಕಿತ್ತು ಹಾಕಿದ್ದಾರೆ.

ಮಲ್ಲೇಶ್ವರಂ ಅತ್ತೆ: ಸ್ಪೀಡಿಗೆ ಏನು ಮಾಡೋದು?

ಪುಟ್ಟ: ವಿಎಲ್‌ಸಿ ಸೆಟ್ಟಿಂಗಲ್ಲಿ ಆಡಿಯೋ ಒಳಗೆ 'ಟೈಮ್ ಸ್ಟ್ರೆಚಿಂಗ್' ಟಿಕ್ ತೆಗೀರಿ, ಆಮೇಲೆ ಸ್ಪೀಡ್ 0.96 ಇಡಿ. ಟಿಕ್ ಇದ್ರೆ ವೇಗ ಇಳಿದ್ರೂ ಶ್ರುತಿ ಮೇಲೇ ಇರುತ್ತೆ. ಯೂಟ್ಯೂಬಲ್ಲಿ ಸ್ಪೀಡ್ ಇಳಿಸಿದ್ರೂ ಅದೇ ಕಥೆ.

ಪುಟ್ಟ: ಮಾವ, ಟಿವಿಯಲ್ಲಿ ಮೋಷನ್ ಸ್ಮೂತಿಂಗ್ (ಚೌಕಟ್ಟುಗಳ ನಡುವೆ ಟಿವಿಯೇ ಹೊಸ ಚೌಕಟ್ಟು ತುಂಬಿಸೋದು) ಆಫ್ ಮಾಡಿ, ಇಲ್ಲಾಂದ್ರೆ ಸಂಸ್ಕಾರ ಸೀರಿಯಲ್ ಥರ ಜಾರುತ್ತೆ. ಶಾರ್ಪ್‌ನೆಸ್ ಇಳಿಸಿ. ಸೌಂಡ್‌ಬಾರ್ ಸರೌಂಡ್ ಬೇಡ. ಒಂದೇ ಕಡೆಯಿಂದ ಬರೋ ಮೋನೋ ಧ್ವನಿ ಅದು, ಸುತ್ತ ಹರಡಿದ್ರೆ ಮಾತು ಬಾವಿ ಒಳಗಿಂದ ಬಂದ ಹಾಗಾಗುತ್ತೆ.

ಯಲಹಂಕ ಭಾವ: ಸಿನಿಮಾ ನೋಡೋಕಾ, ರಿಪೇರಿ ಮಾಡೋಕಾ?

ಮಲ್ಲೇಶ್ವರಂ ಅತ್ತೆ: ಮೂರನೇದರ ಬೊಟ್ಟು ಮೊಟ್ಟೆ ಆಗಿತ್ತು, 'ಎ' ಒತ್ತಿದೆ, ದುಂಡಗಾಯ್ತು. ಏಳನೇದರ ಟೈಟಲಲ್ಲಿ ಒತ್ತಕ್ಷರವೇ ಇಲ್ಲ, ಅದು ಬೇಡ. ಕಸ್ತೂರಿ ನಿವಾಸ ಮಾತ್ರ ಬಣ್ಣದ್ದೇ.

ಬಸವನಗುಡಿ ಮಾವ: ರಿಮೋಟ್ ನನ್ನ ಹತ್ರ ಇರುತ್ತೆ.